ಕಾಲಿಗೆ ಏನೂ ಆಗಿರಲಿಲ್ಲ

ನಾನು ಖಿನ್ನತೆಗೆ ಮಾತ್ರೆ ನುಂಗಿದ್ದು ಹನ್ನೊಂದು ತಿಂಗಳು. ನುಂಗುತ್ತಿದ್ದೇನೆ ಅಂತ ನಿಜ ಹೇಳಿದ ತಪ್ಪಿಗೆ ವಿಮಾನದ ಬಾಗಿಲು ಮುಟ್ಟದೆ ಮನೆಯಲ್ಲಿ ಕೂತಿದ್ದು ಎರಡು ವರ್ಷ. ಆ ಎರಡು ವರ್ಷದಲ್ಲಿ ಮೂರು ತಿಂಗಳು ನನ್ನ ಬಲಗಾಲಿನ ವಿಚಾರಣೆಗೇ ಹೋಯಿತು. ಕಾಲಿಗೆ ಏನೂ ಆಗಿರಲಿಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ. ಎಷ್ಟು ಜನಕ್ಕೆ, ಎಷ್ಟು ಕಾಗದದ ಮೇಲೆ, ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ, ಇನ್ನೊಂದು ಸಲ ಹೇಳಿದರೆ ನನಗೇನೂ ನಷ್ಟವಿಲ್ಲ.

ನಾನು ಮಮತಾ. ಕೆಜಿಎಫ್‌ನ ಊರಿಗಾಂನಲ್ಲಿ ಹುಟ್ಟಿ ಬೆಳೆದವಳು. ಅಪ್ಪ ಇಲ್ಲಿನ ಒಂದು ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದು ರಿಟೈರ್ ಆದವರು. ಬೇರೆಯವರು ಮಾಡಿದ ಯಂತ್ರದಲ್ಲಿ ತಪ್ಪು ಹುಡುಕುವುದೇ ಅವರ ಕಸುಬಾಗಿತ್ತು. ಅಮ್ಮ ಮುನಿರತ್ನಮ್ಮ, ಬೇತಮಂಗಲದ ರೈತರ ಮನೆಯವಳು. ನಾನೊಬ್ಬಳೇ ಮಗಳು. ಓದಿ, ತರಬೇತಿ ಮುಗಿಸಿ, ಕೋ-ಪೈಲಟ್ ಆಗಿ ಆರು ವರ್ಷ ಕೆಲಸ ಮಾಡಿದ್ದೆ. ನಮ್ಮ ಬೀದಿಯಲ್ಲಿ ನಾನು ಇವತ್ತಿಗೂ 'ಪ್ಲೇನ್ ಓಡ್ಸೋ ಹುಡ್ಗಿ'.

ಆಮೇಲೆ ಏನಾಯಿತು ಅಂತ ಎಲ್ಲರೂ ಕೇಳುತ್ತಾರೆ. ಏನೂ ಆಗಲಿಲ್ಲ. ಇದೇ ಯಾರ ತಲೆಗೂ ಇಳಿಯದ ವಿಷಯ. "ಯಾರಾದ್ರೂ ತೀರ್ಕೊಂಡ್ರಾ? ಯಾರಾದ್ರೂ ಮೋಸ ಮಾಡಿದ್ರಾ? ಮದುವೆ ವಿಷಯವಾ?" ಅಯ್ಯೋ ಇಲ್ಲ ಕಣ್ರೀ! ಯಾರೂ ಸಾಯಲಿಲ್ಲ, ಯಾರೂ ಕೈಕೊಡಲಿಲ್ಲ. ಸುಮ್ಮನೆ ಒಂದೊಂದಾಗಿ ಕೆಲಸಗಳು ಭಾರವಾದವು. ಮೊದಲು ತಲೆ ಬಾಚುವುದು, ಆಮೇಲೆ ಫೋನ್ ಎತ್ತುವುದು, ಆಮೇಲೆ ಸ್ನಾನ. ಒಂದು ದಿನ ಮಧ್ಯಾಹ್ನ ಹೋಟೆಲ್ ರೂಮಿನಲ್ಲಿ ಒಂದು ಕಾಲಿಗೆ ಸಾಕ್ಸ್ ಹಾಕಿಕೊಂಡು ಇನ್ನೊಂದನ್ನು ಕೈಯಲ್ಲಿ ಹಿಡಿದು ಒಂದು ಗಂಟೆ ಕೂತಿದ್ದೆ. ಕೆಳಗೆ ನಮ್ಮನ್ನು ಏರ್‌ಪೋರ್ಟಿಗೆ ಕರೆದೊಯ್ಯುವ ಗಾಡಿ ಹಾರ್ನ್ ಹೊಡೆಯುತ್ತಿತ್ತು. ಆ ಇನ್ನೊಂದು ಸಾಕ್ಸ್ ಹಾಕುವುದು ಹೇಗೆ ಅನ್ನುವುದೇ ನನಗೆ ಹೊಳೆಯುತ್ತಿರಲಿಲ್ಲ.

ಅದೇ ವಾರ ವಿಮಾನದಲ್ಲಿ ಕ್ಯಾಪ್ಟನ್ ಇಳಿಯುವ ಮುಂಚಿನ ತಪಾಸಣೆಯ ಪಟ್ಟಿ ಓದಿದರು, ನಾನು ಉತ್ತರ ಹೇಳಬೇಕು. ಅವರು ಎರಡು ಸಲ ಕೇಳಿದ ಮೇಲೆ ನನಗೆ ಕೇಳಿಸಿತು. ಅದು ದೊಡ್ಡ ವಿಷಯವೇನೂ ಆಗಲಿಲ್ಲ, ವಿಮಾನ ಸರಿಯಾಗೇ ಇಳಿಯಿತು. ಆದರೆ ನನಗೆ ಅಷ್ಟು ಸಾಕಾಯಿತು. ಇಳಿದವಳೇ ನೇರ ಆಫೀಸಿಗೆ ಹೋಗಿ, ನಾನು ಓಡಿಸುವ ಸ್ಥಿತಿಯಲ್ಲಿಲ್ಲ ಅಂತ ಹೇಳಿಬಿಟ್ಟೆ. ಡಾಕ್ಟರನ್ನು ಕಂಡೆ, ಮಾತ್ರೆ ಶುರುವಾಯಿತು, ಮಾತ್ರೆಯ ಹೆಸರನ್ನು ಕೊಡಬೇಕಾದ ಕಡೆ ಕೊಟ್ಟೆ. ಅಲ್ಲಿಗೆ ನನ್ನ 'ಮೆಡಿಕಲ್' ಹೋಯಿತು. ಮೆಡಿಕಲ್ ಅಂದರೆ ಪೈಲಟ್‌ಗಳ ಬಾಯಲ್ಲಿ ಆರೋಗ್ಯದ ಸರ್ಟಿಫಿಕೇಟ್. ಅದಿಲ್ಲದಿದ್ದರೆ ಲೈಸೆನ್ಸ್ ಇದ್ದೂ ಇಲ್ಲದ ಹಾಗೆ.

ಸಮಾಧಾನ ಹೇಳಲು ಫೋನ್ ಮಾಡಿದ ಸಹೋದ್ಯೋಗಿಗಳು ಬೈದೇ ಇಟ್ಟರು. ನಾನು ತುಂಬ ಗೌರವ ಇಟ್ಟುಕೊಂಡಿದ್ದ ಒಬ್ಬ ಕ್ಯಾಪ್ಟನ್, "ಮಮತಾ, ಬುದ್ಧಿ ಇದೆಯಾ ನಿನಗೆ? ಬೆನ್ನುನೋವು ಅಂತ ರಜೆ ಹಾಕಿ, ಗುರುತಿಲ್ಲದ ಊರಲ್ಲಿ ಒಬ್ಬ ಡಾಕ್ಟರನ್ನ ನೋಡಬೇಕಿತ್ತು. ಫಾರಂನಲ್ಲಿ ಬರೆಯೋಕೆ ಯಾರು ಹೇಳಿದ್ದು?" ಅಂದರು. ಯಾರೂ ಹೇಳಿರಲಿಲ್ಲ ಸಾರ್. ಪ್ರಶ್ನೆ ಇತ್ತು, ಉತ್ತರ ಬರೆದೆ. ನನ್ನ ಈ ಸತ್ಯಸಂಧತೆಯ ಬಗ್ಗೆ ನನಗೆ ಆಗ ಬಹಳ ಹೆಮ್ಮೆಯಿತ್ತು. ಕೋಪವೂ ಇತ್ತು. ಜಗತ್ತಿನಲ್ಲಿ ನಾನೊಬ್ಬಳೇ ನೆಟ್ಟಗಿದ್ದೇನೆ, ಉಳಿದವರೆಲ್ಲ ಸೊಟ್ಟ ಅಂತ.

ಊರಿಗಾಂನ ಮನೆಗೆ ಬಂದೆ. ಅಮ್ಮ ಮಾತ್ರೆಯ ಪಟ್ಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಇದು ನಿದ್ದೆ ಮಾತ್ರೇನಾ?"

"ಅಲ್ಲಮ್ಮ."

"ಮತ್ತ್ಯಾತಕ್ಕೆ?"

"ಬೆಳಿಗ್ಗೆ ಎದ್ದು ಸ್ನಾನ ಮಾಡೋಕೆ."

"ಸ್ನಾನ ಮಾಡಕ್ಕೂ ಮಾತ್ರೇನಾ! ಏನ್ ಕಾಲ ಬಂತಪ್ಪಾ," ಅಂದು ಅಡುಗೆಮನೆಗೆ ಹೋದಳು. ಸ್ವಲ್ಪ ಹೊತ್ತಿಗೆ ಮೂಗು ಏರಿಸುವ ಸದ್ದು ಕೇಳಿಸಿತು. ಅಪ್ಪ ಪೇಪರು ಮಡಿಸಿಟ್ಟು, "ಡಾಕ್ಟ್ರು ಏಳಿದ್ ಟೈಮಿಗೆ ತಗೊ," ಅಂದರು. ಅಷ್ಟೇ. ನಮ್ಮ ಮನೆಯಲ್ಲಿ ಆ ಕಾಯಿಲೆಯ ಬಗ್ಗೆ ನಡೆದ ಚರ್ಚೆ ಅಲ್ಲಿಗೆ ಮುಗಿಯಿತು.

ಮಾರನೆ ದಿನ ಪಕ್ಕದ ಮನೆ ಸೆಲ್ವಿ ಅಕ್ಕ ಕಾಂಪೌಂಡಿನಾಚೆಯಿಂದ, ಮಗಳು ಯಾಕೆ ಇಷ್ಟು ದಿನ ರಜಾ ಅಂತ ಕೇಳಿದರು. ಅಮ್ಮ ಒಂದು ಕ್ಷಣವೂ ತಡಮಾಡದೆ, "ಕಾಲು ಉಳುಕಿಬಿಟ್ಟೈತೆ ಸೆಲ್ವಿ. ಲಿಗಮೆಂಟು," ಅಂದಳು. ಆ ಪದವನ್ನು ಎಲ್ಲಿಂದ ಹೆಕ್ಕಿದಳೋ ದೇವರೇ ಬಲ್ಲ. ಒಳಗೆ ಕೂತಿದ್ದ ನಾನು ತಲೆ ಚಚ್ಚಿಕೊಂಡೆ.

ಅವತ್ತಿನಿಂದ ನಾನು ಕುಂಟಬೇಕಾಯಿತು. ನಗಬೇಡಿ. ಡಾಕ್ಟರು ದಿನಾ ಅರ್ಧ ಗಂಟೆ ನಡೆಯಲೇಬೇಕು ಅಂದಿದ್ದರು. ಅಮ್ಮ ಬೀದಿ ದಾಟುವವರೆಗೆ ಕಾಲು ಎಳೆದುಕೊಂಡು ಹೋಗು ಅಂದಳು. ಹಾಸಿಗೆಯಿಂದ ಏಳುವುದೇ ಸಾಹಸವಾಗಿದ್ದ ದಿನಗಳಲ್ಲಿ, ಇಲ್ಲದ ನೋವನ್ನು ನಟಿಸುವ ಕೆಲಸವೂ ನನ್ನ ತಲೆಗೇ ಬಂತು. ಎರಡನೇ ವಾರ ಸೆಲ್ವಿ ಅಕ್ಕ ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿ, "ಏನ್ ಕಣ್ಣು, ನಿನ್ನೆ ಎಡಗಾಲು ತಾನೇ ಎಳ್ಕೊಂಡು ಓದೆ? ಇವತ್ತು ಬಲಗಾಲಾ?" ಅಂದರು. ನನಗೆ ಎಲ್ಲಿಯಾದರೂ ಹೂತುಕೊಳ್ಳೋಣ ಅನಿಸಿತು. ಮನೆಗೆ ಬಂದು ಅಮ್ಮನಿಗೆ ಹೇಳಿದರೆ, "ಒಂದನ್ನ ನೆಪ್ಪಿಟ್ಕೊಳಕ್ಕಾಗಲ್ವೇನೇ ನಿಂಗೆ? ಬಲಗಾಲು ಕಣೇ, ಬಲಗಾಲು!" ಅಂತ ನನಗೇ ಗದರಿದಳು.

ಅಪ್ಪನಿಗೆ ಸುಳ್ಳು ಹೇಳಲು ಬರುವುದಿಲ್ಲ. ಯಾರಾದರೂ ಮಗಳ ಕಾಲು ಹೇಗಿದೆ ಅಂತ ಕೇಳಿದರೆ, "ಅವ್ರಮ್ಮನ್ನ ಕೇಳಿ," ಅಂದು ಒಳಗೆ ಹೋಗಿಬಿಡುತ್ತಿದ್ದರು. ಅಮ್ಮನನ್ನು ತಡೆಯಲೂ ಇಲ್ಲ. ಅದಕ್ಕೂ ನನಗೆ ಅವರ ಮೇಲೆ ಸಿಟ್ಟಿತ್ತು.

ಸುದ್ದಿ ಬೇತಮಂಗಲಕ್ಕೆ ಹೋಯಿತು. ಅಮ್ಮನ ತಮ್ಮ ನಾರಾಯಣಸ್ವಾಮಿ ಮಾಮ ಮರುದಿನವೇ ಹಾಜರ್. ನಾಲ್ಕು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವ ಮನುಷ್ಯ. ಒಂದು ಕ್ಯಾನು ಹಾಲು ತಂದು ಜಗಲಿ ಮೇಲಿಟ್ಟು, "ನಡಿಯಮ್ಮಾ, ಪುತ್ತೂರು ಕಟ್ಟು ಆಕ್ಸೋಣ. ಎಂಥಾ ಕಾಲಾದ್ರೂ ಸರಿ ಓಯ್ತದೆ," ಅಂದ. ಮೂಳೆ ಮುರಿದರೆ, ಉಳುಕಿದರೆ ನಮ್ಮ ಕಡೆ ಆಸ್ಪತ್ರೆಗಿಂತ ಮೊದಲು ನೆನಪಾಗುವುದು ಆ ಕಟ್ಟು. ನಾನು ಅಮ್ಮನ ಮುಖ ನೋಡಿದೆ. ಈಗಲಾದರೂ ತಮ್ಮನಿಗೆ ನಿಜ ಹೇಳುತ್ತಾಳೆ ಅಂದುಕೊಂಡೆ. ಅಮ್ಮ ಕಣ್ಣು ತಪ್ಪಿಸಿ, "ಓಗ್ಬಿಟ್ ಬಾರೇ, ಪಾಪ ಅಷ್ಟ್ ದೂರದಿಂದ ಬಂದವ್ನೆ," ಅಂದಳು.

ಹೋದೆ! ಆಂಡರ್ಸನ್‌ಪೇಟೆಯ ಒಂದು ಮನೆಯಲ್ಲಿ, ಕಟ್ಟು ಹಾಕುವ ಮುದುಕರ ಮುಂದೆ ಕಾಲು ಚಾಚಿ ಕೂತೆ. ಅವರು ಮಂಡಿಯಿಂದ ಪಾದದವರೆಗೆ ಒತ್ತಿ ಒತ್ತಿ ನೋಡಿದರು. ಮಾಮನ ಮುಖ ನೋಡಿದರು, ನನ್ನ ಮುಖ ನೋಡಿದರು. ಏನೂ ಕೇಳದೆ ಸೊಪ್ಪಿನ ಲೇಪ ಹಚ್ಚಿ, ಬಿದಿರಿನ ದಬ್ಬೆ ಇಟ್ಟು, ಬಟ್ಟೆ ಸುತ್ತಿ ಬಿಗಿದರು. ಹದಿನೈದು ದಿನ ಒದ್ದೆ ಮಾಡಬಾರದು ಅಂದರು. ಸ್ನಾನ ಮಾಡಲಿ ಅಂತ ಮಾತ್ರೆ ಕೊಟ್ಟವರು ಒಬ್ಬರು, ಸ್ನಾನ ಮಾಡಬೇಡ ಅಂತ ಕಟ್ಟು ಹಾಕಿದವರು ಇನ್ನೊಬ್ಬರು. ಕರ್ಮ! ದಾರಿಯುದ್ದಕ್ಕೂ ಆಟೋದಲ್ಲಿ ನಾನು ಅಳುತ್ತಿದ್ದೆ. ನೋವಿಗೆ ಅಂತ ತಿಳಿದು ಡ್ರೈವರ್ ಹಳ್ಳ ಬಂದಲ್ಲೆಲ್ಲ ನಿಧಾನ ಮಾಡಿದ. ಅವನಿಗೆ ಒಳ್ಳೆಯದಾಗಲಿ.

ಮಾತ್ರೆ ಕೆಲಸ ಮಾಡಿತು. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ನನ್ನ ಗೋಳು ಕೇಳಿ ಯಾರೂ ಮಾತ್ರೆಗೆ ಹೆದರಬಾರದು. ಕೋಲಾರದಲ್ಲಿ ನನ್ನನ್ನು ನೋಡುತ್ತಿದ್ದ ಮನೋವೈದ್ಯೆ ಕಡಿಮೆ ಮಾತಿನವರು. ಅವರ ಆಸ್ಪತ್ರೆಯ ಬೆಂಚಿನ ಮೇಲೆ ಕೂತ ಜನ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಎಲ್ಲರೂ ಎದುರಿನ ಕ್ಯಾಲೆಂಡರನ್ನೇ ಓದುತ್ತಿದ್ದರು. ನಾನೂ ಆ ಕ್ಯಾಲೆಂಡರಿನ ಹಬ್ಬ ಹುಣ್ಣಿಮೆಗಳನ್ನೆಲ್ಲ ಬಾಯಿಪಾಠ ಮಾಡಿದ್ದೇನೆ. ಐದನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಅಮ್ಮನ ಚಟ್ನಿಗೆ ಉಪ್ಪು ಜಾಸ್ತಿಯಾಗಿದೆ ಅಂತ ಜಗಳ ಮಾಡಿದೆ. ಅಮ್ಮ ಸೌಟು ಹಿಡಿದುಕೊಂಡೇ ಅತ್ತಳು. ಅಷ್ಟು ತಿಂಗಳು ಉಪ್ಪಿದ್ದರೂ ಇಲ್ಲದಿದ್ದರೂ ನಾನು ಮಾತಾಡದೆ ತಿಂದಿದ್ದೆನಂತೆ.

ಹನ್ನೊಂದು ತಿಂಗಳಿಗೆ ಡಾಕ್ಟರೇ ನಿಧಾನವಾಗಿ ಮಾತ್ರೆ ನಿಲ್ಲಿಸಿದರು. ಆದರೆ ಮಾತ್ರೆ ನಿಂತ ಮಾತ್ರಕ್ಕೆ ವಿಮಾನ ಹತ್ತುವ ಹಾಗಿಲ್ಲ. ನಿಂತ ಮೇಲೂ ಸರಿಯಾಗಿದ್ದೇನೆ ಅಂತ ಇನ್ನಷ್ಟು ತಿಂಗಳು ಕಾದು ತೋರಿಸಬೇಕು, ಆಮೇಲೆ ಬೆಂಗಳೂರಿನಲ್ಲಿ ವೈದ್ಯರ ಮಂಡಳಿಯ ಮುಂದೆ ಹಾಜರಾಗಬೇಕು. ಕಾಯುವುದು ನ್ಯಾಯವೇ ಇರಬಹುದು, ಹಿಂದೆ ಕೂತ ನೂರಾರು ಜನರ ಜೀವದ ಪ್ರಶ್ನೆ. ಆದರೆ ಆ ಕಾಗದಗಳು! ಡಾಕ್ಟರ ರಿಪೋರ್ಟ್ ಇದ್ದರೆ ಸೀಲ್ ಇಲ್ಲ, ಸೀಲ್ ಇದ್ದರೆ ನೋಂದಣಿ ಸಂಖ್ಯೆ ಇಲ್ಲ, ಎಲ್ಲ ಇದ್ದರೆ ಮೂರು ತಿಂಗಳಿಗಿಂತ ಹಳೆಯದು. ಹಳೆಯದಾಗಿದ್ದು ಯಾಕೆ? ಅವರು ಕೊಟ್ಟ ತಾರೀಕೇ ನಾಲ್ಕು ತಿಂಗಳ ಮೇಲಿನದು. ಫೋನ್ ಎತ್ತಿದ ಗುಮಾಸ್ತರಿಗೆ ಇದನ್ನು ವಿವರಿಸಿದರೆ, "ಮೇಡಂ, ಟೆನ್ಷನ್ ಮಾಡ್ಕೋಬೇಡಿ, ನಿಮ್ಮ ಕೇಸಿಗೆ ಅದು ಒಳ್ಳೇದಲ್ಲ," ಅಂದರು. ಫೋನ್ ಗೋಡೆಗೆ ಎಸೆಯಬೇಕು ಅನಿಸಿತು. ಎಸೆದರೆ ಅದೂ ಫೈಲಿಗೆ ಸೇರುತ್ತದಲ್ಲ ಅಂತ ಮೆತ್ತಗೆ ಕೆಳಗಿಟ್ಟೆ.

ಮಂಡಳಿಯವರು ಜೊತೆಯಲ್ಲಿ ವಾಸವಿರುವ ಒಬ್ಬರನ್ನು ಕರೆದುಕೊಂಡು ಬನ್ನಿ ಅಂದಿದ್ದರು. ಅಮ್ಮ ನಾನೇ ಬರುತ್ತೇನೆ ಅಂದಳು. ರೇಷ್ಮೆ ಸೀರೆ ಉಟ್ಟಳು, ಹೆಣ್ಣು ತೋರಿಸಲು ಹೊರಟವರ ಹಾಗೆ. ಅಲ್ಲಿನ ಮನೋವೈದ್ಯರು ಮೈಸೂರು ಕಡೆಯ ಕನ್ನಡದ ಹಿರಿಯರು, ಪೆನ್ನನ್ನು ಬಹಳ ನಿಧಾನವಾಗಿ ಓಡಿಸುವವರು. ನನ್ನನ್ನು ಒಂದು ಗಂಟೆ ಮಾತಾಡಿಸಿದರು. ಎಲ್ಲ ಚೆನ್ನಾಗಿತ್ತು. ಆಮೇಲೆ ಅಮ್ಮನನ್ನು ಒಳಗೆ ಕರೆದರು. ನಾನೂ ಅಲ್ಲೇ ಇದ್ದೆ.

"ಮಗಳಿಗೆ ಏನಾಗಿತ್ತಮ್ಮ? ನೀವು ಕಂಡ ಹಾಗೆ ಹೇಳಿ."

ಅಮ್ಮ ಸೆರಗು ಹೊದ್ದುಕೊಂಡು, ಮುಖದಲ್ಲಿ ನಗು ತಂದುಕೊಂಡು ಹೇಳಿದಳು. "ಏನೂ ಇಲ್ಲ ಸಾ, ಬಲಗಾಲು ಉಳುಕಿತ್ತು. ಲಿಗಮೆಂಟು. ಪುತ್ತೂರು ಕಟ್ಟು ಆಕ್ಸಿದ್ವಿ. ಈಗ ಚೆನ್ನಾಗ್ ಓಡಾಡ್ತವ್ಳೆ."

 ಅವರು ನನ್ನ ಫಾರಂ ತಿರುವಿ ನೋಡಿದರು. ಹಿಂದೆ ಪೆಟ್ಟಾಗಿತ್ತೇ ಅನ್ನುವ ಕಡೆ 'ಇಲ್ಲ' ಅಂತ ನನ್ನ ಕೈಯಲ್ಲೇ ಬರೆದಿತ್ತು. ಅಮ್ಮ ಸುಳ್ಳು ಹೇಳುತ್ತಿದ್ದಾಳೆ ಸಾರ್ ಅಂತ ನಾನು ಹೇಳಲು ಶುರುಮಾಡಿದೆ. ಹೇಳುತ್ತ ಹೇಳುತ್ತ ದನಿ ಏರಿತು. ಅವರು ಕೈಯೆತ್ತಿ ನಿಲ್ಲಿಸಿದರು. ಒಂದೋ ನಾನು ಪೆಟ್ಟು ಮುಚ್ಚಿಟ್ಟಿದ್ದೇನೆ, ಇಲ್ಲ ನಮ್ಮ ಮನೆಯವರ ಮಾತನ್ನು ನಂಬುವ ಹಾಗಿಲ್ಲ. ಎರಡರಲ್ಲಿ ಯಾವುದಾದರೂ ಸರ್ಟಿಫಿಕೇಟ್ ಕೊಡಲು ಬರುವುದಿಲ್ಲ. ಮೂಳೆ ಡಾಕ್ಟರ ಅಭಿಪ್ರಾಯ, ಮಂಡಿಯ ಸ್ಕ್ಯಾನ್, ತಾಯಿಯಿಂದ ಬರಹದಲ್ಲಿ ವಿವರಣೆ. ಇವನ್ನೆಲ್ಲ ತಗೊಂಡು ಮೂರು ತಿಂಗಳ ನಂತರ ಬನ್ನಿ, ಅಂದರು.

ಬೆಂಗಳೂರಿಂದ ಬಂಗಾರಪೇಟೆಯವರೆಗೆ ರೈಲಿನಲ್ಲಿ ಬಂದೆವು. ಅಲ್ಲಿ ಇಳಿದು ಕೆಜಿಎಫ್ ರೈಲಿಗೆ ಕಾಯಬೇಕು. ಸಂಜೆ ಏಳೂವರೆ. ಪ್ಲಾಟ್‌ಫಾರಂ ತುಂಬ ಬೆಂಗಳೂರಿಗೆ ಹೋಗಿ ಬಂದ ಕೆಲಸದವರು. ಕಲ್ಲುಬೆಂಚಿನ ಮೇಲೆ ಕೂತ ಮೇಲೆ ನನ್ನ ಕಟ್ಟೆ ಒಡೆಯಿತು.

"ನಾಚಿಕೆ ಆಗಲ್ವಾ ನಿನಗೆ? ಊರಿಗೆಲ್ಲ ಸುಳ್ಳು ಹೇಳಿದೆ, ಕುಂಟು ಅಂದೆ, ಕುಂಟಿದೆ. ಡಾಕ್ಟರ್ ಮುಂದೇನೂ ಅದೇ ಕಥೆನಾ? ನನ್ನ ಕೆಲಸ ತಿಂದುಬಿಟ್ಟೆಯಲ್ಲಮ್ಮ!"

ಬಾಯಿಗೆ ಬಂದಿದ್ದೆಲ್ಲ ಅಂದೆ. ಪಕ್ಕದಲ್ಲಿ ಕೂತಿದ್ದವರು ಎದ್ದು ಆಚೆ ಹೋದರು. ಅಮ್ಮ ರೇಷ್ಮೆ ಸೀರೆಯ ಅಂಚನ್ನು ಮಡಿಸುತ್ತಾ ಬಿಡಿಸುತ್ತಾ ಕೇಳಿಸಿಕೊಂಡಳು. ಆಮೇಲೆ ಮೆಲ್ಲಗೆ ಹೇಳಿದಳು.

"ನಮ್ಮೂರಲ್ಲಿ ಪಾಪಮ್ಮ ಅಂತ ಇದ್ಲು ಕಣೇ. ಮೊದಲ್ನೇ ಮಗು ಎತ್ತಾಗ ಆರು ತಿಂಗ್ಳು ಮಂಕಾಗಿ ಕುಂತ್ಬಿಟ್ಲು. ಆಮೇಲೆ ಸರಿ ಓದ್ಲು. ಓಲ ಮಾಡಿದ್ಲು, ಮೂರ್ ಮಕ್ಳ ಮದ್ವೆ ಮಾಡಿದ್ಲು. ಮೊನ್ನೆ ಸತ್ತಾಗ ನಿಮ್ ಮಾಮ ಪೋನ್ ಮಾಡಿ ಏನಂದ ಗೊತ್ತಾ? 'ಅಕ್ಕಾ, ಮೆಂಟ್ಲು ಪಾಪಮ್ಮ ಓದ್ಲು.' ಎಪ್ಪತ್ ವರ್ಸ ಬದುಕಿ, ಆರ್ ತಿಂಗ್ಳದ್ ಎಸ್ರಲ್ಲೇ ಸತ್ಲು. ನಿಂಗೆ ಆ ಎಸ್ರು ಬರ್ಬಾರ್ದು ಅಂತ ಕಾಲು ಅಂದೆ. ಕಾಲಿಗೆ ಯಾರೂ ಎಸ್ರಿಡಲ್ಲ."

 ನನ್ನ ಸಿಟ್ಟು ಇಳಿಯಲಿಲ್ಲ. ಯಾರ ಮೇಲೆ ಇಳಿಸಬೇಕು ಅನ್ನುವುದು ಗೊತ್ತಾಗಲಿಲ್ಲ ಅಷ್ಟೇ. ರೈಲು ಬಂತು, ಹತ್ತಿದೆವು.

ಮುಂದಿನ ಮೂರು ತಿಂಗಳು ನನ್ನ ಬಲಗಾಲು ನಮ್ಮ ಜಿಲ್ಲೆಯಲ್ಲೇ ಅತಿ ಹೆಚ್ಚು ಪರೀಕ್ಷೆಗೆ ಒಳಗಾದ ಆರೋಗ್ಯವಂತ ಕಾಲು. ಮೂಳೆ ಡಾಕ್ಟರು ಸ್ಕ್ಯಾನ್ ನೋಡಿ, "ಏನೂ ಇಲ್ಲವಲ್ಲಮ್ಮ, ಏನು ತೊಂದರೆ ಅಂತ ಬಂದಿರಿ?" ಅಂದರು. ಏನೂ ಇಲ್ಲ ಅಂತ ಬರೆಸಿಕೊಂಡು ಹೋಗಲು ಬಂದಿದ್ದೇನೆ ಸಾರ್ ಅಂದೆ. ಪೂರ್ತಿ ಕಥೆ ಕೇಳಿ ಅವರು ಕುರ್ಚಿ ಹಿಂದಕ್ಕೆ ಸರಿಸಿ ನಕ್ಕರು. ನನಗೂ ನಗು ಬಂತು, ಎಷ್ಟೋ ದಿನಗಳ ಮೇಲೆ.

ಇನ್ನು ಅಮ್ಮನ ವಿವರಣೆ. ಅಪ್ಪ ಇಂಗ್ಲಿಷಿನಲ್ಲಿ ಕಾರ್ಖಾನೆಯ ರಿಪೋರ್ಟಿನ ಹಾಗೆ ಬರೆದುಕೊಟ್ಟರು: ಕಂಡುಬಂದ ದೋಷ, ಕಾರಣ, ಸರಿಪಡಿಸಲು ಕೈಗೊಂಡ ಕ್ರಮ. ಅಮ್ಮ ಓದಿಸಿ ಕೇಳಿ, "ನಾನೇನ್ ಬೋಲ್ಟಾ?" ಅಂದು ಹರಿದು ಹಾಕಿದಳು. ಏಳನೇ ಕ್ಲಾಸಿನವರೆಗೆ ಓದಿದ ಅವಳು ಕನ್ನಡದಲ್ಲಿ ತಾನೇ ಬರೆಯುತ್ತೇನೆ ಅಂತ ಕೂತಳು. ಅವತ್ತು ಹಾಲು ಕೊಡಲು ಬಂದಿದ್ದ ಮಾಮ ಬಾಗಿಲಲ್ಲಿ ನಿಂತು ಏನು ಬರೆಯುತ್ತಿದ್ದೀಯ ಅಂತ ಕೇಳಿದ. ಅಮ್ಮ ತಲೆಯೆತ್ತದೆ, "ಮಮತಂಗೆ ಕಾಲಿಗೇನೂ ಆಗಿರ್ಲಿಲ್ಲ ಕಣೋ ನಾರಾಯಣ," ಅಂದಳು.

"ಗೊತ್ತು ಬಿಡಕ್ಕಾ."

"ಏನ್ ಗೊತ್ತು?"

"ಎತ್ತಾಡ್ಸಿದ್ ಮಗೀನ್ ಮುಕ ನಂಗೊತ್ತಾಗಲ್ವಾ? ಮನ್ಸು ಸರಿ ಇಲ್ಲ ಅಂತ ಅವತ್ತೇ ಅನ್ನುಸ್ತು. ನೀನ್ ಕಾಲು ಅಂದೆ. ಅದಕ್ಕೇನ್ ಮಾಡ್ಬೇಕು ಅಂತ ನಂಗ್ ತಿಳೀಲಿಲ್ಲ. ಕಟ್ಟಾದ್ರೂ ಆಕ್ಸೋಣ ಅಂತ ಕರ್ಕೊಂಡೋದೆ."

ಹೇಳಿ ಕ್ಯಾನು ತೆಗೆದುಕೊಂಡು ಹೊರಟೇ ಹೋದ. ಅಮ್ಮ ಪೆನ್ನು ಹಿಡಿದುಕೊಂಡು ಬಾಗಿಲನ್ನೇ ನೋಡುತ್ತಿದ್ದಳು. ನಾನು ಒಳಗೆ ಹೋಗಿ ಮುಖ ತೊಳೆದುಕೊಂಡೆ.

ಎರಡನೇ ಸಲ ಮಂಡಳಿಯ ಮುಂದೆ ಹೋದಾಗ ಅಮ್ಮ ಮನೆಯಲ್ಲಿ ಉಡುವ ಹತ್ತಿ ಸೀರೆಯಲ್ಲಿದ್ದಳು. ಅದೇ ಮನೋವೈದ್ಯರು. ಈ ಸಲ ನನ್ನನ್ನು ಹೊರಗೆ ಕೂರಿಸಿ ಅಮ್ಮನೊಬ್ಬಳನ್ನೇ ಕರೆದರು. ನಲವತ್ತು ನಿಮಿಷ. ವೇಟಿಂಗ್ ರೂಮಿನಲ್ಲಿ ನನ್ನ ಎದುರಿಗೆ ಇಬ್ಬರು ಪೈಲಟ್‌ಗಳಿದ್ದರು. ಒಬ್ಬರಿಗೆ ಬಿಪಿ, ಒಬ್ಬರಿಗೆ ಸಕ್ಕರೆ. ತಮ್ಮ ತಮ್ಮ ಅಂಕಿಗಳನ್ನು ಕ್ರಿಕೆಟ್ ಸ್ಕೋರಿನ ಹಾಗೆ ಹೇಳಿಕೊಳ್ಳುತ್ತಿದ್ದರು. ನಿಮಗೇನು ಅಂತ ನನ್ನನ್ನು ಕೇಳಿದರು. ನಾಲಗೆ ತುದಿಗೆ 'ಕಾಲು' ಅಂತ ಬಂತು! ನುಂಗಿಕೊಂಡು, "ರಿನ್ಯೂವಲ್ಲು," ಅಂದೆ.

ಕೊನೆಗೆ ನನ್ನನ್ನು ಒಳಗೆ ಕರೆದರು. ಅಮ್ಮ ಅತ್ತಿದ್ದಳು. ಮನೋವೈದ್ಯರು ಪೆನ್ನು ಕೆಳಗಿಟ್ಟು ಕೇಳಿದರು.

"ಕೆರೆ ಏರಿಯ ವಿಷಯ ನೀವು ಯಾಕೆ ಬರೆಯಲಿಲ್ಲ?"

ನಾನು ಅಮ್ಮನ ಕಡೆ ತಿರುಗಿದೆ.

ಮಾತ್ರೆ ಶುರುಮಾಡಿದ ಮೂರನೇ ತಿಂಗಳಿರಬೇಕು. ಅಮ್ಮನೂ ನಾನೂ ಮಾಮನ ಮನೆಗೆ ಹೋಗಿದ್ದೆವು. ಒಂದು ಮಧ್ಯಾಹ್ನ ನಾನೊಬ್ಬಳೇ ಬೇತಮಂಗಲದ ಕೆರೆ ಏರಿಯ ಮೇಲೆ ಹೋಗಿ ನಿಂತಿದ್ದೆ. ನಾನು ಇಲ್ಲದೇ ಹೋದರೆ ಇವರಿಗೆಲ್ಲ ಎಷ್ಟು ಸಲೀಸು ಅಂತ ಅನಿಸುತ್ತಿತ್ತು. ಸಿಟ್ಟಿನಿಂದಲ್ಲ, ಅಳುವಿನಿಂದಲೂ ಅಲ್ಲ, ಸಾಮಾನು ಜರುಗಿಸಿದರೆ ಮನೆಯಲ್ಲಿ ಜಾಗವಾಗುತ್ತದೆ ಅಂದುಕೊಂಡ ಹಾಗೆ. ಎಷ್ಟು ಹೊತ್ತು ನಿಂತಿದ್ದೆನೋ. ಹಿಂದಿನಿಂದ ಅಮ್ಮ ಬಂದು, "ಕಾಪಿ ಆರೋಯ್ತದೆ, ಬಾ," ಅಂದಳು. ಅಷ್ಟೇ ಅಂದಿದ್ದು. ಮನೆ ತಲುಪುವವರೆಗೂ ನನ್ನ ದುಪಟ್ಟದ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ನಡೆದಳು. ಅವಳಿಗೆ ಏನೂ ಗೊತ್ತಾಗಿಲ್ಲ ಅಂದುಕೊಂಡಿದ್ದೆ.

ಫಾರಂನಲ್ಲಿ ಆ ಪ್ರಶ್ನೆ ಇತ್ತು. ಸಾಯುವ ಯೋಚನೆ ಬಂದಿತ್ತೇ ಅಂತ. ಪೆಟ್ಟಾಗಿತ್ತೇ ಅನ್ನುವ ಪ್ರಶ್ನೆಗೆ ಬರೆದ ಅದೇ ಕೈಯಲ್ಲಿ, ಅದೇ ನೆಟ್ಟಗಿನ ಅಕ್ಷರದಲ್ಲಿ, 'ಇಲ್ಲ' ಅಂತ ಬರೆದಿದ್ದೆ. ನನ್ನ ಕೋಲಾರದ ಡಾಕ್ಟರಿಗೂ ಹೇಳಿರಲಿಲ್ಲ. ಎಲ್ಲರ ಸುಳ್ಳಿಗೂ ಹಲ್ಲು ಕಡಿಯುತ್ತಾ ಓಡಾಡಿದ ಸತ್ಯಸಂಧೆ ನಾನು.

"ಬರೆದಿದ್ದರೆ ನೀವು ಬಿಡುತ್ತಿರಲಿಲ್ಲ ಸಾರ್," ಅಂದೆ.

"ಹೌದು ಅಂದವರನ್ನೆಲ್ಲ ನಾವು ಮನೆಗೆ ಕಳಿಸಿಬಿಡ್ತೀವಿ ಅಂತ ಯಾರು ಹೇಳಿದ್ದಮ್ಮ? ಬಂದಿತ್ತು, ಹೋಯಿತು, ಹೀಗೆ ಹೋಯಿತು ಅಂತ ಹೇಳಿದ್ದರೆ ನಾನು ನೋಡೋದು ಅದು ಹೇಗೆ ಹೋಯಿತು ಅಂತ. ಮುಚ್ಚಿಟ್ಟರೆ ನೋಡೋಕೆ ಏನೂ ಉಳಿಯಲ್ಲ." ಫೈಲು ಮುಚ್ಚಿ ಅಂದರು, "ಈ ಫೈಲಿನಲ್ಲಿ ಇದುವರೆಗೆ ಪೂರ್ತಿ ನಿಜ ಹೇಳಿದವರು ನಿಮ್ಮ ತಾಯಿ ಒಬ್ಬರೇ. ಅದೂ ಎರಡನೇ ಸಲಕ್ಕೆ."

ಮತ್ತೆ ಮೂರು ತಿಂಗಳು. ಕೋಲಾರದ ಡಾಕ್ಟರ ಹತ್ತಿರ ಆ ವಿಷಯ ಮಾತಾಡಿ ಬರಬೇಕು. ಹೊರಗೆ ಬಂದ ಮೇಲೆ ಅಮ್ಮ ನನ್ನ ಮುಖ ನೋಡದೆ, "ಬೈಯಿ. ಈಗ್ಲೂ ನಾನೇ ಕೆಡಿಸ್ದೆ," ಅಂದಳು. ಬೈಯಲು ಬಾಯಿ ತೆರೆದವಳು  "ಅವತ್ತು ನಿನಗೆ ಗೊತ್ತಾಗಿತ್ತಾ?" ಅಂತ ಕೇಳಿದೆ. "ಎಂಗ್ ಗೊತ್ತಾಗ್ದೆ ಇರ್ತದೆ? ಅವತ್ನಿಂದ ಒಂದ್ ದಿನಾನೂ ನೆಟ್ಟಗ್ ನಿದ್ದೆ ಮಾಡಿಲ್ಲ," ಅಂದಳು. ಇಷ್ಟು ದಿನ ಯಾಕೆ ಹೇಳಲಿಲ್ಲ ಅಂದರೆ, "ನೀನ್ ಏಳ್ದಾ?" ಅಂದಳು.

ಆ ಮೂರು ತಿಂಗಳು ಕೋಲಾರದ ಬಸ್ಸಿನಲ್ಲಿ ವಾರಕ್ಕೊಂದು ಸಲ ಅಮ್ಮನೂ ಬಂದಳು. ನಾನು ಒಳಗೆ ಮಾತಾಡುವಾಗ ಅವಳು ಹೊರಗೆ ಬೆಂಚಿನ ಮೇಲಿನ ಹೆಂಗಸರನ್ನು ಮಾತಾಡಿಸುತ್ತಿದ್ದಳು. ಕ್ಯಾಲೆಂಡರ್ ಓದುತ್ತಿದ್ದವರೆಲ್ಲ ಅವಳ ಕಡೆ ತಿರುಗಿ ಕೂರತೊಡಗಿದರು. "ನನ್ ಮಗ್ಳೂ ಇಂಗೇ ಇದ್ಲು, ಈಗ ಉಪ್ಪು ಜಾಸ್ತಿ ಅಂತ ಬೈತಾಳೆ," ಅನ್ನುವುದು ಬಾಗಿಲಿನಾಚೆಯಿಂದ ಕೇಳಿಸುತ್ತಿತ್ತು.

ಮೂರನೇ ಸಲಕ್ಕೆ ಕೊಟ್ಟರು. ಸರ್ಟಿಫಿಕೇಟಿನ ಮೇಲೆ ಷರತ್ತು: ವಿಮಾನದಲ್ಲಿ ಪಕ್ಕದಲ್ಲಿ ಇನ್ನೊಬ್ಬ ಪೈಲಟ್ ಇರಲೇಬೇಕು. ನಾನು ಕೋ-ಪೈಲಟ್ ಕಣ್ರೀ! ಪಕ್ಕದಲ್ಲಿ ಇನ್ನೊಬ್ಬರಿಲ್ಲದೆ ನನ್ನನ್ನು ಯಾವತ್ತು ಬಿಟ್ಟಿದ್ದರು? ಆರು ತಿಂಗಳಿಗೊಮ್ಮೆ ಮತ್ತೆ ಹೋಗಿ ತೋರಿಸಬೇಕು, ಮತ್ತೆ ಸೀಲು, ಮತ್ತೆ ಆ ಗುಮಾಸ್ತರು. ಆದರೂ ಆ ಕಾಗದವನ್ನು ಅಪ್ಪ ಬೆಳಕಿಗೆ ಹಿಡಿದು ಎರಡೂ ಕಡೆ ಓದಿ, "ಸರಿಯಾಗೈತೆ," ಅಂದಾಗ ನಾನು ಅವರನ್ನು ತಬ್ಬಿಕೊಂಡೆ.

ಈಗ ಏರ್‌ಪೋರ್ಟಿನ ಹತ್ತಿರ ಒಂದು ರೂಮು ಮಾಡಿಕೊಂಡು ಕೆಲಸಕ್ಕೆ ಹೋಗುತ್ತಿದ್ದೇನೆ. ಡ್ಯೂಟಿ ಇರುವ ದಿನ ಹೊರಡುವ ಮುಂಚೆ ಅಮ್ಮ ಫೋನ್ ಮಾಡುತ್ತಾಳೆ. ತಿಂಡಿ ಆಯಿತಾ ಅಂತ ಕೇಳುವುದಿಲ್ಲ. "ಇವತ್ತು ಎಂಗಿದೀಯಾ? ನಿಜ ಏಳು," ಅನ್ನುತ್ತಾಳೆ. ಚೆನ್ನಾಗಿದ್ದೇನೆ ಅನ್ನುತ್ತೇನೆ, ಹೊರಡುತ್ತೇನೆ. ಬಹುಪಾಲು ದಿನ ಅದು ನಿಜವೇ.

ಹೋದ ತಿಂಗಳು ಒಂದು ಬೆಳಿಗ್ಗೆ ಯೂನಿಫಾರ್ಮ್ ಹಾಕಿಕೊಂಡು ಮಂಚದ ಮೇಲೆ ಕೂತವಳಿಗೆ ಏಳಲು ಆಗಲಿಲ್ಲ. ದೊಡ್ಡದೇನಲ್ಲ, ಆದರೆ ಸಾಕ್ಸ್ ಹಿಡಿದು ಕೂತಿದ್ದ ದಿನದ ಗುರುತು ಸಿಕ್ಕಿತು. ಫೋನ್ ಬಂತು. ಎರಡು ವರ್ಷ ಹೋರಾಡಿ ತಂದ ಕಾಗದ ಬ್ಯಾಗಿನಲ್ಲಿತ್ತು. ಚೆನ್ನಾಗಿದ್ದೇನೆ ಅನ್ನಲು ಒಂದು ಸೆಕೆಂಡ್ ಸಾಕಿತ್ತು.

"ಇವತ್ತು ಸರಿಯಿಲ್ಲಮ್ಮ," ಅಂದೆ.

"ಅಂಗಾದ್ರೆ ಓಗ್ಬೇಡ. ನಾನ್ ಬತ್ತೀನಿ," ಅಂದಳು.

ಆಫೀಸಿಗೆ ಫೋನ್ ಮಾಡಿ ಇವತ್ತು ಓಡಿಸಲು ಆಗುವುದಿಲ್ಲ ಅಂದೆ. ಡ್ಯೂಟಿ ಹಾಕುವ ಹುಡುಗಿ ಕಂಪ್ಯೂಟರ್ ಕುಟ್ಟುತ್ತಾ, "ಏನಂತ ಬರೀಲಿ ಮೇಡಂ? ಜ್ವರಾನಾ, ಹೊಟ್ಟೆನೋವಾ?" ಅಂತ ಕೇಳಿದಳು.

ಇದ್ದದ್ದನ್ನೇ ಹೇಳಿದೆ. ಅವಳು ಅದನ್ನೇ ಬರೆದುಕೊಂಡಳು.